ವಿವರಣೆಯಿಂದ ಕ್ರಮವಿಧಿಗೆ: ಶಾಸನಪಾಠ, ಎಕ್ಸ್‌ಎಂಎಲ್ ಜಾಲಸೇವೆ ಮತ್ತು ಕೋಡ್‌ಜನಕ

ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಈ ನಗರದಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಪ್ರಾಚೀನವಾದುದೆಂದು ಪರಿಗಣಿತವಾಗಿದೆ. ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದ ಈ ಕಲ್ಲಿನ ಕಾಲವನ್ನು ಸುಮಾರು ಕ್ರಿ.ಶ. 750 ಎಂದು ಗುರುತಿಸಲಾಗಿದೆ. ರಾಷ್ಟ್ರಕೂಟರ ಪಡೆಯೊಡನೆ ನಡೆದ ಕಾಳಗದಲ್ಲಿ ಮಡಿದ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಈ ಕಲ್ಲು ಪೆರ್ಬೊಳಲ್‌ನಾಡು ಮೂವತ್ತನ್ನು ಹೆಸರಿಸುತ್ತದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಈ ಕಲ್ಲು ಇರುವುದು ಸಾಧ್ಯವಿರಲಿಲ್ಲ. ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಬೆಂಗಳೂರು ಶಾಸನಗಳ ಮೂರು ಆಯಾಮದ ದಾಖಲಾತಿ ಯೋಜನೆಯಂತಹ ಕಾರ್ಯಗಳು ಮುದ್ರಿತ ಸಂಪುಟಗಳ ಆಚೆಗೆ ಶಾಸನದ ಮಾಹಿತಿಯನ್ನು ಗಣಕಕ್ಕೆ ತಂದಿವೆ.

ಒಂದು ಶಾಸನ ಗಣಕಕ್ಕೆ ಬಂದ ಮೇಲೆ ಅದು ಹಲವರಿಗೆ ಬೇಕಾಗುತ್ತದೆ. ನಿಘಂಟುಕಾರನಿಗೆ ಅದರ ಪದಗಳು ಬೇಕು. ಸ್ಥಳನಾಮ ಸಂಶೋಧಕನಿಗೆ ಊರು ನಾಡುಗಳ ಹೆಸರು ಬೇಕು. ವಸ್ತುಸಂಗ್ರಹಾಲಯಕ್ಕೆ ಕಲ್ಲಿನ ಅಳತೆ ಮತ್ತು ಇರುವ ಸ್ಥಳ ಬೇಕು. ಇಂದು ಇವರೆಲ್ಲರೂ ಅದನ್ನು ತಮ್ಮ ತಮ್ಮ ಕಡತಗಳಲ್ಲಿ ಬೇರೆ ಬೇರೆಯಾಗಿ ಟಂಕಿಸಿಕೊಳ್ಳುತ್ತಾರೆ. ಒಬ್ಬರಲ್ಲಿ ಪೆರ್ಬೊಳಲ್, ಇನ್ನೊಬ್ಬರಲ್ಲಿ ಪೆರ್ಬೊೞಲ್, ಮತ್ತೊಬ್ಬರಲ್ಲಿ ಹೆಬ್ಬೊಳಲು ಎಂದಾಗಿ, ಕೆಲವೇ ವರ್ಷಗಳಲ್ಲಿ ಒಂದೇ ಕಲ್ಲು ಮೂರು ಕಲ್ಲುಗಳಾಗಿಬಿಡುತ್ತದೆ. ಪಾಠಾಂತರಗಳ ಸಮಸ್ಯೆಯನ್ನು ಓಲೆಗರಿಯ ಪ್ರತಿಕಾರರಿಗೆ ಮಾತ್ರ ಅಂಟಿಸುವ ರೂಢಿ ನಮ್ಮಲ್ಲಿದೆ. ಗಣಕದ ಮುಂದೆ ಕುಳಿತ ಪ್ರತಿಕಾರರೂ ಅದೇ ಕೆಲಸ ಮಾಡುತ್ತಿದ್ದಾರೆ.

ಈ ಸಮಸ್ಯೆಗೆ ತಂತ್ರಾಂಶ ಕ್ಷೇತ್ರ ಕಂಡುಕೊಂಡ ಪರಿಹಾರಗಳಲ್ಲಿ ಎಕ್ಸ್‌ಎಂಎಲ್ ಜಾಲಸೇವೆ ಒಂದು. ಅಂತಹ ಸೇವೆಯನ್ನು ಬಳಸುವ ಕ್ರಮವಿಧಿಗಳನ್ನು ಕೈಯಿಂದ ಬರೆಯದೆ ಯಂತ್ರದಿಂದಲೇ ಬರೆಸುವ ಸಾಧನಕ್ಕೆ ಕೋಡ್ ಜನರೇಟರ್ ಎಂದು ಹೆಸರು. ಮುಂದೆ ಇದನ್ನು ಕೋಡ್‌ಜನಕ ಎಂದು ಕರೆಯಲಾಗಿದೆ. ಇದರ ರಚನೆ ಹೇಗೆ, ಕನ್ನಡ ಶಾಸನಪಾಠಕ್ಕೆ ಅನ್ವಯಿಸುವಾಗ ಎಲ್ಲಿ ತೊಡಕು ಬರುತ್ತದೆ ಎಂಬುದನ್ನು ಹೆಬ್ಬಾಳದ ಕಲ್ಲನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ಜಾಲಸೇವೆ ಮತ್ತು ಅದರ ವಿವರಣೆ

ಎಕ್ಸ್‌ಎಂಎಲ್ ಎಂಬುದು ಪಠ್ಯದ ಭಾಗಗಳಿಗೆ ಹೆಸರಿನ ಪಟ್ಟಿ ಕಟ್ಟುವ ವಿಧಾನ. 1998ರ ಫೆಬ್ರವರಿಯಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟ ಇದನ್ನು ಶಿಫಾರಸು ಮಾಡಿತು. <ಊರು>ಹೆಬ್ಬಾಳ</ಊರು> ಎಂದು ಬರೆದಾಗ ನಡುವಿನ ಪದ ಊರಿನ ಹೆಸರೆಂಬುದು ಯಂತ್ರಕ್ಕೆ ತಿಳಿಯುತ್ತದೆ. ಪಟ್ಟಿಯ ಹೆಸರುಗಳನ್ನು ಕನ್ನಡದಲ್ಲಿಯೇ ಇಡಲು ಈ ವಿಧಾನ ಆರಂಭದಿಂದಲೇ ಅವಕಾಶ ನೀಡಿದೆ. ನಮ್ಮಲ್ಲಿ ಆ ಅವಕಾಶದ ಬಳಕೆ ಕಡಿಮೆ.

ಜಾಲಸೇವೆಯೆಂದರೆ ಒಂದು ಗಣಕದ ಕ್ರಮವಿಧಿ ಮತ್ತೊಂದು ಗಣಕದ ಕ್ರಮವಿಧಿಯನ್ನು ಜಾಲದ ಮೂಲಕ ಕೇಳಿ ಉತ್ತರ ಪಡೆಯುವ ಏರ್ಪಾಡು. ಕೇಳಿಕೆ, ಉತ್ತರಗಳೆರಡೂ ಎಕ್ಸ್‌ಎಂಎಲ್‌ನಲ್ಲಿದ್ದರೆ ಅದು ಎಕ್ಸ್‌ಎಂಎಲ್ ಜಾಲಸೇವೆ. ಪತ್ರವನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ಕ್ರಮವನ್ನು 2000ದಲ್ಲಿ ಪ್ರಕಟವಾದ ಸೋಪ್ 1.1 ರೂಪಿಸಿತು. ಯಾವ ಸೇವೆ, ಅದಕ್ಕೆ ಏನು ಕೊಡಬೇಕು, ಅದು ಏನು ಕೊಡುತ್ತದೆ ಎಂಬುದನ್ನು ಹೇಳುವ ವಿವರಣಾ ಕಡತಕ್ಕೆ ಡಬ್ಲ್ಯುಎಸ್‌ಡಿಎಲ್ ಎಂದು ಹೆಸರು, ಅದರ 1.1ನೆಯ ಆವೃತ್ತಿ 2001ರ ಮಾರ್ಚ್‌ನಲ್ಲಿ ಬಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಶಿಫಾರಸಾದ ಎಕ್ಸ್‌ಎಂಎಲ್ ಸ್ಕೀಮಾ, ಪ್ರತಿಯೊಂದು ಪಟ್ಟಿಯೊಳಗೆ ಎಂತಹ ಸಾಮಗ್ರಿ ಇರಬೇಕು, ಅದು ಕಡ್ಡಾಯವೋ ಐಚ್ಛಿಕವೋ, ಎಷ್ಟು ಸಲ ಬರಬಹುದು ಎಂಬ ನಿಯಮಗಳನ್ನು ಹೇಳುತ್ತದೆ. ಇದನ್ನು ರಚನಾವಿಧಿ ಎನ್ನಬಹುದು.

ಇಂತಹ ಸೇವೆಯನ್ನು ಬಳಸಲು ಬೇಕಾದ ಕ್ರಮವಿಧಿಯ ಬಹುಭಾಗ ಯಾಂತ್ರಿಕವಾದುದು. ಲಕೋಟೆ ಕಟ್ಟುವುದು, ಪಟ್ಟಿಗಳನ್ನು ಸರಿಯಾದ ಅನುಕ್ರಮದಲ್ಲಿ ಜೋಡಿಸುವುದು, ಬಂದ ಉತ್ತರವನ್ನು ಬಿಚ್ಚಿ ಊರು ಎಂಬುದನ್ನು ಊರಿನ ಜಾಗದಲ್ಲಿ, ಅರಸ ಎಂಬುದನ್ನು ಅರಸನ ಜಾಗದಲ್ಲಿ ಇಡುವುದು ಇವೆಲ್ಲ ರಚನಾವಿಧಿಯಲ್ಲಿ ಈಗಾಗಲೇ ಹೇಳಿರುವ ಸಂಗತಿಯ ಪುನರಾವರ್ತನೆ ಮಾತ್ರ. ಹೇಳಿದ್ದನ್ನೇ ಮತ್ತೆ ಹೇಳುವ ಕೆಲಸ ಮನುಷ್ಯನಿಗೆ ಬೇಡ ಎಂಬ ಆಲೋಚನೆಯಿಂದ ಕೋಡ್‌ಜನಕ ಹುಟ್ಟಿತು. 2002ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಚೌಕಟ್ಟಿನೊಡನೆ ಬಂದ ಒಂದು ಸಾಧನ, ಅದೇ ವರ್ಷ ಜಾವಾ ಭಾಷೆಗಾಗಿ ಅಪಾಚೆ ಆಕ್ಸಿಸ್‌ನೊಡನೆ ಬಂದ ಇನ್ನೊಂದು ಸಾಧನ ಇದನ್ನು ಸಾಮಾನ್ಯ ಬಳಕೆಗೆ ತಂದವು.

ಜನಕದ ರಚನೆ

ಕೋಡ್‌ಜನಕ ಮೊದಲು ವಿವರಣಾ ಕಡತವನ್ನು ಓದಿ ಅದರ ಭಾಗಗಳನ್ನು ಒಂದು ವೃಕ್ಷದ ರೂಪದಲ್ಲಿ ಸ್ಮರಣೆಯಲ್ಲಿ ಇಟ್ಟುಕೊಳ್ಳುತ್ತದೆ. ಶಾಸನ ಬೇರು, ಊರು, ಕಾಲ, ಅರಸ, ಪಾಠ ಕೊಂಬೆಗಳು. ಬಳಿಕ ರಚನಾವಿಧಿಯ ಪ್ರತಿಯೊಂದು ಸಾಮಗ್ರಿಯ ಬಗೆಗೂ ಗುರಿಭಾಷೆಯಲ್ಲಿ ಸಮಾನವಾದ ಬಗೆಯನ್ನು ಹುಡುಕುತ್ತದೆ: ಪಠ್ಯಕ್ಕೆ ಪಠ್ಯ, ಪೂರ್ಣಾಂಕಕ್ಕೆ ಪೂರ್ಣಾಂಕ, ದಿನಾಂಕಕ್ಕೆ ದಿನಾಂಕ. ಕೊನೆಯಲ್ಲಿ ಮೊದಲೇ ಸಿದ್ಧವಿರುವ ಅಚ್ಚುಗಳಲ್ಲಿ ಈ ಹೆಸರು ಮತ್ತು ಬಗೆಗಳನ್ನು ಎರೆದು ಕ್ರಮವಿಧಿಯ ಪಠ್ಯವನ್ನು ಹೊರಹಾಕುತ್ತದೆ. ವಿವರಣಾ ಕಡತವೂ ಎಕ್ಸ್‌ಎಂಎಲ್‌ನಲ್ಲಿಯೇ ಇರುವುದರಿಂದ, ಎಕ್ಸ್‌ಎಂಎಲ್ ಅನ್ನು ಬೇರೆ ಪಠ್ಯವಾಗಿ ಪರಿವರ್ತಿಸಲೆಂದೇ 1999ರಲ್ಲಿ ರೂಪುಗೊಂಡ ಎಕ್ಸ್‌ಎಸ್‌ಎಲ್‌ಟಿ ಭಾಷೆಯಲ್ಲಿ ಚಿಕ್ಕದೊಂದು ಜನಕವನ್ನು ಬರೆಯುವುದು ಸಾಧ್ಯ. ಇದಕ್ಕೆ ದೊಡ್ಡ ಸಂಸ್ಥೆಯ ಬೆಂಬಲ ಬೇಕಿಲ್ಲ. ವಿಭಾಗವೊಂದರಲ್ಲಿ ತಂತ್ರಾಂಶದ ಅಭ್ಯಾಸವಿರುವ ಒಬ್ಬ ಸಂಶೋಧಕನಿದ್ದರೆ ಸಾಕು.

ವ್ಯಾಕರಣ ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಪೆರ್ ಮತ್ತು ಪೊೞಲ್ ಸೇರಿದಾಗ ಪಕಾರಕ್ಕೆ ಬಕಾರ ಆದೇಶವಾಗಿ ಪೆರ್ಬೊೞಲ್ ಸಿದ್ಧಿಸುವುದನ್ನು ಪ್ರತಿ ಪದಕ್ಕೂ ಬೇರೆಯಾಗಿ ಹೇಳದೆ ಕೇಶಿರಾಜ ಒಂದು ನಿಯಮದಲ್ಲಿ ಅಡಗಿಸುತ್ತಾನೆ. ನಿಯಮ ಬರೆದರೆ ರೂಪಗಳು ತಾವಾಗಿ ಹುಟ್ಟುತ್ತವೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಶಬ್ದಮಣಿದರ್ಪಣದಲ್ಲಿ ಸೂತ್ರದ ಜೊತೆಗೆ ವೃತ್ತಿಯೂ ಪ್ರಯೋಗವೂ ಇವೆ. ನಿಯಮ ತಪ್ಪಿದರೆ ಪ್ರಯೋಗ ಅದನ್ನು ತೋರಿಸಿಕೊಡುತ್ತದೆ. ಕೋಡ್‌ಜನಕಕ್ಕೆ ಪ್ರಯೋಗದ ಅರಿವಿಲ್ಲ. ವಿವರಣೆ ಏನು ಹೇಳಿತೋ ಅದನ್ನು ಅದು ನೂರು ಕಡೆ ನಿಷ್ಠೆಯಿಂದ ನಕಲಿಸುತ್ತದೆ, ತಪ್ಪನ್ನೂ ಸೇರಿಸಿ.

ರಚನೆಯಲ್ಲಿ ಮೊದಲು ಎದುರಾಗುವುದು ಹೆಸರಿನ ತೊಡಕು. ಜಾವಾ, ಸಿ ಶಾರ್ಪ್‌ನಂತಹ ಭಾಷೆಗಳು ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತವೆಯಾದರೂ ಹಲವು ತಂತ್ರಜ್ಞರು ಅಭ್ಯಾಸಬಲದಿಂದ ಪಟ್ಟಿಯ ಹೆಸರುಗಳನ್ನು ರೋಮನ್ ಲಿಪಿಗೆ ಇಳಿಸುತ್ತಾರೆ. ಚಿಹ್ನೆಗಳಿಲ್ಲದ ರೋಮನ್ ಬರಹದಲ್ಲಿ ದಾನ ಮತ್ತು ದನ ಎರಡೂ ಒಂದೇ ಆಗುತ್ತವೆ. ದಾನಶಾಸನದ ರಚನಾವಿಧಿಯಲ್ಲಿ ಈ ಎರಡು ಪಟ್ಟಿಗಳೂ ಬೇಕಾಗುವುದು ಸಹಜ. ಆಗ ಜನಕ ಒಂದರ ಮೇಲೊಂದನ್ನು ಬರೆಯುತ್ತದೆ, ಇಲ್ಲವೇ ಎರಡನೆಯದಕ್ಕೆ ಒಂದು ಅಂಕಿ ಅಂಟಿಸಿ ಮುಂದೆ ಹೋಗುತ್ತದೆ. ಅಂಕಿ ಅಂಟಿದ್ದು ದಾನವೋ ದನವೋ ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು ಹುಟ್ಟಿದ ಕ್ರಮವಿಧಿಯನ್ನು ಕೈಯಿಂದ ತಿದ್ದುವ ಚಪಲ. ವಿವರಣೆ ಬದಲಾದಾಗ ಜನಕವನ್ನು ಮತ್ತೆ ನಡೆಸಬೇಕಾಗುತ್ತದೆ; ಆಗ ಕೈಯ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಮನುಷ್ಯ ಬರೆದದ್ದು ಒಂದು ಕಡತದಲ್ಲಿ, ಯಂತ್ರ ಬರೆದದ್ದು ಇನ್ನೊಂದು ಕಡತದಲ್ಲಿ ಇರಬೇಕು. ತಿದ್ದಬೇಕೆನಿಸಿದರೆ ತಿದ್ದಬೇಕಾದದ್ದು ವಿವರಣೆಯನ್ನು ಅಥವಾ ಅಚ್ಚನ್ನು.

ಕಾಲ, ಸಂಖ್ಯೆ, ಅಕ್ಷರ

ಕೋಡ್‌ಜನಕಗಳು ಹುಟ್ಟಿದ್ದು ವ್ಯಾಪಾರದ ಅಗತ್ಯಕ್ಕಾಗಿ. ಸರಕುಪಟ್ಟಿ, ವಿಮಾನದ ಟಿಕೆಟ್, ಬ್ಯಾಂಕಿನ ಖಾತೆ ಇವುಗಳ ಲೋಕ ಅದು. ಹೆಬ್ಬಾಳದ ಕಲ್ಲಿಗೆ ಅನತಿದೂರದಲ್ಲಿರುವ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಇಂತಹ ಕಡತಗಳು ನಿತ್ಯದ ಸಾಮಗ್ರಿ. ಸರಕುಪಟ್ಟಿಗೆ ದಿನಾಂಕ ಇದ್ದೇ ಇರುತ್ತದೆ. ವೀರಗಲ್ಲಿಗೆ ಇರಬೇಕೆಂದಿಲ್ಲ.

ಕಿತ್ತಯ್ಯನ ಕಲ್ಲಿನ ಕಾಲವನ್ನು ಶ್ರೀಪುರುಷನ ಆಳ್ವಿಕೆಯ ಉಲ್ಲೇಖ ಮತ್ತು ಲಿಪಿಯ ಸ್ವರೂಪದಿಂದ ಊಹಿಸಬೇಕಾಗಿದೆ. ರಚನಾವಿಧಿಯಲ್ಲಿ ಕಾಲ ಎಂಬುದನ್ನು ದಿನಾಂಕವೆಂದು ಘೋಷಿಸಿ ಕಡ್ಡಾಯಗೊಳಿಸಿದರೆ, ಮಾಹಿತಿ ತುಂಬುವ ಸಹಾಯಕ ಏನಾದರೂ ಒಂದು ತಿಂಗಳು, ಒಂದು ದಿನ ಬರೆಯಲೇಬೇಕು. ಜನವರಿ 1, 750 ಎಂದು ಆತ ಬರೆದರೆ ಅದು ಅವನ ತಪ್ಪಲ್ಲ. ಐಚ್ಛಿಕವೆಂದು ಬಿಟ್ಟರೂ ಅಪಾಯ ತಪ್ಪುವುದಿಲ್ಲ. ಡಾಟ್‌ನೆಟ್‌ನ ಆ ಹಳೆಯ ಸಾಧನ ಐಚ್ಛಿಕ ದಿನಾಂಕಕ್ಕೆ ಎರಡು ಜಾಗಗಳನ್ನು ಸೃಷ್ಟಿಸುತ್ತಿತ್ತು: ದಿನಾಂಕಕ್ಕೆ ಒಂದು, ದಿನಾಂಕ ಕೊಡಲಾಗಿದೆಯೇ ಇಲ್ಲವೇ ಎಂಬುದಕ್ಕೆ ಇನ್ನೊಂದು. ಎರಡನೆಯದನ್ನು ನೋಡದೆ ಮೊದಲನೆಯದನ್ನು ಮಾತ್ರ ಓದಿದರೆ ಸಿಗುವುದು ಆ ಚೌಕಟ್ಟಿನ ಅತ್ಯಂತ ಕನಿಷ್ಠ ದಿನಾಂಕ, ಅಂದರೆ ಕ್ರಿ.ಶ. 1ನೆಯ ವರ್ಷದ ಜನವರಿ 1. ಕಾಲ ತಿಳಿಯದ ಶಾಸನಗಳೆಲ್ಲ ಹಲ್ಮಿಡಿಗಿಂತ ಶತಮಾನಗಳಷ್ಟು ಹಿಂದಕ್ಕೆ ಹೋಗಿ ಕುಳಿತುಕೊಳ್ಳುತ್ತವೆ.

ಪೂರ್ಣ ದಿನಾಂಕ ದೊರೆತಾಗಲೂ ಎಚ್ಚರ ಬೇಕು. ಎಕ್ಸ್‌ಎಂಎಲ್ ಸ್ಕೀಮಾದ ದಿನಾಂಕ ಗ್ರೆಗೋರಿಯನ್ ಗಣನೆಯನ್ನು ಹಿಂದಿನ ಕಾಲಕ್ಕೂ ಚಾಚುತ್ತದೆ. ಪ್ರಾಚೀನ ಶಾಸನಗಳ ತಿಥಿಗೆ ಶಾಸನತಜ್ಞರು ಕೊಡುವ ಸಮಾನ ದಿನಾಂಕ ಸಾಮಾನ್ಯವಾಗಿ ಜೂಲಿಯನ್ ಗಣನೆಯದು. ಎಂಟನೆಯ ಶತಮಾನದ ನಡುಭಾಗದಲ್ಲಿ ಇವುಗಳ ನಡುವೆ 4 ದಿನಗಳ ವ್ಯತ್ಯಾಸವಿದೆ. ಯಂತ್ರ ವಾರವನ್ನು ಲೆಕ್ಕ ಹಾಕಿದರೆ ಶಾಸನದ ವಾರದೊಡನೆ ಅದು ಹೊಂದದೆ, ಪ್ರಾಮಾಣಿಕವಾದ ಶಾಸನವೊಂದು ಕೂಟಶಾಸನದಂತೆ ಕಾಣಬಹುದು. ಗಂಗರ ತಾಮ್ರಪಟಗಳ ವಿಷಯದಲ್ಲಿ ಈ ಚರ್ಚೆ ಎಷ್ಟು ಸೂಕ್ಷ್ಮವೆಂಬುದನ್ನು ಹೇಳಬೇಕಾಗಿಲ್ಲ.

ಸರಿಯಾದ ಮಾರ್ಗವೆಂದರೆ ಕಲ್ಲು ಹೇಳುವುದನ್ನು ಕಲ್ಲಿನ ಮಾತಿನಲ್ಲಿಯೇ ಪಠ್ಯವಾಗಿ ಇಟ್ಟು, ಅದರ ಪಕ್ಕದಲ್ಲಿ ಸಂಪಾದಕನ ನಿರ್ಣಯವನ್ನು ಎರಡು ಎಲ್ಲೆಗಳಾಗಿ ಕೊಡುವುದು: ಇಂತಹ ವರ್ಷಕ್ಕಿಂತ ಮೊದಲಲ್ಲ, ಇಂತಹ ವರ್ಷದ ಅನಂತರವಲ್ಲ. ಶ್ರೀಪುರುಷನ ಆಳ್ವಿಕೆಯನ್ನು ಸುಮಾರು 726ರಿಂದ 788 ಎಂದು ಒಪ್ಪಿದರೆ ಅವೇ ಎಲ್ಲೆಗಳು. 750 ಎಂಬುದು ಅದರೊಳಗಿನ ಲಿಪಿಶಾಸ್ತ್ರದ ಅಂದಾಜು. ಪಾಶ್ಚಾತ್ಯ ಪಠ್ಯ ಸಂಪಾದಕರು 1987ರಿಂದ ರೂಪಿಸುತ್ತ ಬಂದ ಟಿಇಐ ಮಾರ್ಗದರ್ಶಿಯಲ್ಲಿ ಈ ಎಲ್ಲೆಗಳಿಗೆ ಸಿದ್ಧ ವ್ಯವಸ್ಥೆಯಿದೆ.

ಸಂಖ್ಯೆಯ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಪೆರ್ಬೊಳಲ್‌ನಾಡು ಮೂವತ್ತು, ನೊಳಂಬವಾಡಿ 32000, ಬನವಾಸಿ 12000, ಗಂಗವಾಡಿ 96000 ಎಂಬಲ್ಲಿ ಬರುವ ಸಂಖ್ಯೆ ಗ್ರಾಮಗಳದೋ, ಆದಾಯದ್ದೋ, ಮತ್ತಾವುದರದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ರಚನಾವಿಧಿಯಲ್ಲಿ ಅದನ್ನು ಪೂರ್ಣಾಂಕವೆಂದು ಬರೆದ ಕ್ಷಣವೇ ಈ ಚರ್ಚೆಯಲ್ಲಿ ಒಂದು ಪಕ್ಷ ವಹಿಸಿದಂತಾಯಿತು. ಜನಕದಿಂದ ಹುಟ್ಟಿದ ಕ್ರಮವಿಧಿ ಅವುಗಳನ್ನು ಕೂಡುತ್ತದೆ, ಸರಾಸರಿ ತೆಗೆಯುತ್ತದೆ. ಆ ಸರಾಸರಿ ಒಂದು ದಿನ ಯಾವುದಾದರೂ ಪ್ರಬಂಧದ ಕೋಷ್ಟಕದಲ್ಲಿ ಕಾಣಿಸಿಕೊಳ್ಳುತ್ತದೆ. ಸದ್ಯದ ತಿಳಿವಳಿಕೆಯಲ್ಲಿ ಸಂಖ್ಯೆಯನ್ನು ನಾಡಿನ ಹೆಸರಿನ ಅಂಗವಾಗಿ ಪಠ್ಯವೆಂದೇ ಇಡುವುದು ವಿವೇಕ.

ಅಕ್ಷರದ ವಿಷಯಕ್ಕೆ ಬಂದರೆ ಪೆರ್ಬೊೞಲ್ ಎಂಬ ಒಂದೇ ಪದ ಎರಡು ತೊಡಕುಗಳನ್ನು ಹೊತ್ತಿದೆ. ಮೊದಲನೆಯದು ೞಕಾರ. ರಳ, ಕುಳ, ಕ್ಷಳಗಳನ್ನು ಪ್ರತ್ಯೇಕಿಸಲು ಕೇಶಿರಾಜ ಪಟ್ಟ ಶ್ರಮ ಎಲ್ಲರಿಗೂ ಗೊತ್ತು. ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಸ್ಥಾನವಿದೆ, ಆದರೆ ಹೆಸರು ತಪ್ಪಾಗಿದೆ: ಅಲ್ಲಿ ಅದು ಕನ್ನಡದ ‘ಫ’ ಅಕ್ಷರವೆಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ಉಳಿದಿದೆ. ತಿದ್ದುಪಡಿಯನ್ನು ಪರ್ಯಾಯ ನಾಮವಾಗಿ ಸೇರಿಸಲಾಗಿದೆ. ಅಕ್ಷರಗಳ ಅಧಿಕೃತ ಹೆಸರನ್ನು ನಂಬಿ ಲಿಪ್ಯಂತರ ಮಾಡುವ ಜನಕವು ಪೊೞಲ್ ಅನ್ನು ಪೊಫಲ್ ಎಂದು ಓದುತ್ತದೆ. ಲಿಪ್ಯಂತರದ ಕೋಷ್ಟಕವನ್ನು ಕನ್ನಡ ಬಲ್ಲವರೇ ತಯಾರಿಸಬೇಕು.

ಎರಡನೆಯದು ಬೊ ಎಂಬಲ್ಲಿನ ಒತ್ವ. ಯುನಿಕೋಡ್‌ನಲ್ಲಿ ಅದನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಅಕ್ಷರಶಃ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ನುಡಿ ಮತ್ತು ಬರಹದ ಹಳೆಯ ಕಡತಗಳಿಂದ ಪರಿವರ್ತಿಸಿದ ಪಠ್ಯದಲ್ಲಿ ಎಂತಹ ರೂಪ ಬರುತ್ತದೆಂಬುದು ಪರಿವರ್ತಕವನ್ನು ಅವಲಂಬಿಸಿದೆ. ಹುಡುಕಿದರೆ ಸಿಗದ ಪದ ಶಾಸನದಲ್ಲಿ ಇಲ್ಲವೇ ಇಲ್ಲವೆಂದು ತೀರ್ಮಾನಿಸುವ ಸಂಶೋಧಕನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಎರಡು ರೂಪಗಳನ್ನು ಒಂದಕ್ಕೆ ತರುವ ಸಮೀಕರಣ ವಿಧಾನ ಯುನಿಕೋಡ್‌ನಲ್ಲಿಯೇ ಇದೆ. ಕೋಡ್‌ಜನಕದ ನಿಜವಾದ ಉಪಯೋಗ ಇಲ್ಲಿ ಕಾಣುತ್ತದೆ: ಅಚ್ಚಿನಲ್ಲಿ ಈ ಸಮೀಕರಣದ ಒಂದು ಸಾಲನ್ನು ಸೇರಿಸಿದರೆ, ಆ ಅಚ್ಚಿನಿಂದ ಹುಟ್ಟುವ ಎಲ್ಲ ಕ್ರಮವಿಧಿಗಳೂ, ಎಲ್ಲ ಪಠ್ಯಜಾಗಗಳಲ್ಲೂ, ಮರೆಯದೆ ಅದನ್ನು ಮಾಡುತ್ತವೆ. ತಪ್ಪನ್ನು ನೂರು ಕಡೆ ಹರಡುವ ಸಾಧನವೇ ತಿದ್ದುಪಡಿಯನ್ನೂ ನೂರು ಕಡೆ ಹರಡುತ್ತದೆ.

ಪಾಠವನ್ನು ಒಡೆಯಬಾರದು

ಇಷ್ಟರವರೆಗೆ ಹೇಳಿದ್ದು ಶಾಸನದ ಬಗೆಗಿನ ವಿವರಗಳ ಮಾತು. ಶಾಸನದ ಪಾಠದ ಸಮಸ್ಯೆ ಬೇರೆಯೇ. ಸವೆದ ಅಕ್ಷರ, ಸಂಪಾದಕ ಊಹಿಸಿ ಸೇರಿಸಿದ ಅಕ್ಷರ, ಓದಲಾಗದೆ ಬಿಟ್ಟ ಜಾಗ ಇವುಗಳನ್ನು ಮುದ್ರಣದಲ್ಲಿ ಆವರಣ, ಚುಕ್ಕೆಗಳಿಂದ ತೋರಿಸುತ್ತೇವೆ. ಎಕ್ಸ್‌ಎಂಎಲ್‌ನಲ್ಲಿ ಇವಕ್ಕೆ ಪಟ್ಟಿ ಕಟ್ಟುವ ಸಂಪ್ರದಾಯವನ್ನು ಟಿಇಐ ಮೇಲೆ ಆಧರಿಸಿದ ಎಪಿಡಾಕ್ ರೂಪಿಸಿದೆ. ಕಲ್ಪಿತವಾದ ಒಂದು ಸಾಲನ್ನು ತೆಗೆದುಕೊಂಡರೆ: ತುಱುವಂ ಮಗುೞ್ಚಿ <ಪೂರಿತ>ಕಾದಿ</ಪೂರಿತ> ಸತ್ತಂ. ಇಲ್ಲಿ ಪಠ್ಯ, ಪಟ್ಟಿ, ಮತ್ತೆ ಪಠ್ಯ ಒಂದರೊಡನೊಂದು ಹೆಣೆದುಕೊಂಡಿವೆ. ಇದನ್ನು ಮಿಶ್ರ ಒಡಲು ಎನ್ನುತ್ತಾರೆ.

ಸರಕುಪಟ್ಟಿಯಲ್ಲಿ ಮಿಶ್ರ ಒಡಲು ಇರುವುದಿಲ್ಲ. ಆದ್ದರಿಂದ ಹಲವು ಜನಕಗಳು ಅದನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಕೆಲವು ಸಾಧನಗಳು ಬಿಡಿ ಪಠ್ಯಗಳನ್ನು ಒಂದು ಸಾಲಿನಲ್ಲೂ ಪಟ್ಟಿ ಕಟ್ಟಿದವುಗಳನ್ನು ಮತ್ತೊಂದು ಸಾಲಿನಲ್ಲೂ ಪೇರಿಸುತ್ತವೆ. ಮೇಲಿನ ವಾಕ್ಯ ಆಗ ‘ತುಱುವಂ ಮಗುೞ್ಚಿ’, ‘ಸತ್ತಂ’ ಎಂದು ಒಂದೆಡೆ, ‘ಕಾದಿ’ ಎಂದು ಇನ್ನೊಂದೆಡೆ ಚದುರುತ್ತದೆ. ಕಾದಿ ಎಲ್ಲಿತ್ತೆಂಬುದು ನಷ್ಟವಾಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ ಎಂಬುದೇ ಇದರ ಭಯಾನಕ ಅಂಶ.

ಕನ್ನಡ ಲಿಪಿ ಇದಕ್ಕೆ ತನ್ನದೊಂದು ತೊಡಕನ್ನು ಸೇರಿಸುತ್ತದೆ. ಕಲ್ಲಿನ ಮೇಲೆ ವ್ಯಂಜನ ಉಳಿದು ಗುಣಿತದ ಚಿಹ್ನೆ ಮಾತ್ರ ಸವೆದಿರುವುದು ಉಂಟು. ಯುನಿಕೋಡ್‌ನಲ್ಲಿ ಚಿಹ್ನೆ ಪ್ರತ್ಯೇಕ ಸಂಕೇತವಾದ್ದರಿಂದ ಅದಕ್ಕೆ ಮಾತ್ರ ಪಟ್ಟಿ ಕಟ್ಟಬಹುದು. ಆದರೆ ಪರದೆಯ ಮೇಲೆ ಅದು ಆಸರೆಯಿಲ್ಲದ ಚಿಹ್ನೆಯಾಗಿ ಚುಕ್ಕೆಗಳ ವೃತ್ತದೊಡನೆ ಮೂಡುತ್ತದೆ. ಯುರೋಪಿನ ಸಂಶೋಧನಾ ಮಂಡಳಿಯ ನೆರವಿನಿಂದ 2019ರಲ್ಲಿ ಆರಂಭವಾದ ಧರ್ಮ ಯೋಜನೆ ದಕ್ಷಿಣ ಏಷ್ಯಾದ ಶಾಸನಗಳನ್ನು ಎಪಿಡಾಕ್ ಕ್ರಮದಲ್ಲಿಯೇ ಸಂಪಾದಿಸುತ್ತಿದ್ದು, ಪಾಠವನ್ನು ರೋಮನ್ ಲಿಪ್ಯಂತರದಲ್ಲಿ ಇಡುತ್ತದೆ. ಆಗ ಸ್ವರ, ವ್ಯಂಜನಗಳು ಬಿಡಿಯಾಗಿಯೇ ಸಿಗುತ್ತವೆ. ಕನ್ನಡ ವಿಭಾಗಗಳು ಅದನ್ನೇ ಅನುಸರಿಸಬೇಕೆಂದೇನೂ ಇಲ್ಲ. ಇಡೀ ಅಕ್ಷರಕ್ಕೆ ಪಟ್ಟಿ ಕಟ್ಟಿ, ಸವೆದದ್ದು ಚಿಹ್ನೆ ಮಾತ್ರ ಎಂಬುದನ್ನು ಪಟ್ಟಿಯ ಗುಣವಾಗಿ ಬರೆದರೆ ಕನ್ನಡ ಲಿಪಿಯಲ್ಲಿಯೇ ಕೆಲಸ ಸಾಗುತ್ತದೆ.

ಹೀಗಾಗಿ ಶಾಸನದ ಜಾಲಸೇವೆಯಲ್ಲಿ ಜನಕಕ್ಕೆ ಒಂದು ಎಲ್ಲೆ ಹಾಕಬೇಕಾಗುತ್ತದೆ. ಊರು, ಅರಸ, ಕಾಲದ ಎಲ್ಲೆಗಳು, ಕಲ್ಲಿನ ಅಳತೆ, ಪ್ರಕಟಣೆಯ ವಿವರ ಇವುಗಳಿಗೆ ಜನಕವೇ ಕ್ರಮವಿಧಿ ಬರೆಯಲಿ. ಪಾಠ ಎಂಬ ಪಟ್ಟಿಯನ್ನು ಮಾತ್ರ ಒಡೆಯದೆ, ಬಂದ ಎಕ್ಸ್‌ಎಂಎಲ್ ಅನ್ನು ಇಡಿಯಾಗಿ ದಾಟಿಸಬೇಕು. ಒಳಗೆ ಯಾವ ಎಕ್ಸ್‌ಎಂಎಲ್ ಬೇಕಾದರೂ ಇರಬಹುದೆಂದು ಘೋಷಿಸುವ ಅವಕಾಶ ರಚನಾವಿಧಿಯಲ್ಲಿದೆ.

ಸೋಪ್ ಮತ್ತು ಡಬ್ಲ್ಯುಎಸ್‌ಡಿಎಲ್‌ಗಳ ಬಳಕೆ ಹೊಸ ಯೋಜನೆಗಳಲ್ಲಿ ಬಹುಮಟ್ಟಿಗೆ ಕುಗ್ಗಿದೆ. ಅವುಗಳ ಜಾಗದಲ್ಲಿ ಜೇಸನ್ ರೂಪದ ಸೇವೆಗಳು ಬಂದಿವೆ. ಅವುಗಳ ವಿವರಣೆಗೆ ಓಪನ್‌ಎಪಿಐ ಎಂಬ ಕ್ರಮವಿದೆ, ಅದಕ್ಕೂ ಕೋಡ್‌ಜನಕಗಳಿವೆ. ದಿನಾಂಕ, ಸಂಖ್ಯೆ, ಒತ್ವಗಳ ತೊಡಕು ಅಲ್ಲಿಯೂ ಹಾಗೆಯೇ ಇದೆ. ಮಿಶ್ರ ಒಡಲಿಗೆ ಜೇಸನ್‌ನಲ್ಲಿ ಸಹಜವಾದ ರೂಪವೇ ಇಲ್ಲದ್ದರಿಂದ ಶಾಸನ, ಹಸ್ತಪ್ರತಿಗಳ ಪಾಠಕ್ಕೆ ಎಕ್ಸ್‌ಎಂಎಲ್ ಇಂದಿಗೂ ಬೇಕಾಗಿದೆ. ಟಿಇಐ ಬಳಗದವರು ರಚನಾವಿಧಿಯನ್ನೂ ಅದರ ಮಾನವಓದಿಗೆ ಬೇಕಾದ ಟಿಪ್ಪಣಿಯನ್ನೂ ಒಂದೇ ಕಡತದಲ್ಲಿ ಬರೆದು, ಅದರಿಂದ ಎರಡನ್ನೂ ಯಂತ್ರದ ಮೂಲಕ ಹೊರಡಿಸುವ ಓಡಿಡಿ ಎಂಬ ಕ್ರಮವನ್ನು ಬಳಸುತ್ತಾರೆ. ಕಾಲವನ್ನು ಏಕೆ ಎಲ್ಲೆಗಳಾಗಿ ಇಟ್ಟಿದೆ, ಮೂವತ್ತು ಏಕೆ ಪೂರ್ಣಾಂಕವಲ್ಲ ಎಂಬ ಕಾರಣ ನಿಯಮದ ಪಕ್ಕದಲ್ಲಿಯೇ ಉಳಿಯುವುದರಿಂದ, ಹತ್ತು ವರ್ಷಗಳ ಅನಂತರ ಬರುವ ತಂತ್ರಜ್ಞ ಅದನ್ನು ಅಜಾಗರೂಕತೆಯಿಂದ ಬದಲಿಸುವ ಸಂಭವ ಕಡಿಮೆ. ಸೂತ್ರದ ಜೊತೆ ವೃತ್ತಿಯನ್ನು ಓದಿ ಬೆಳೆದ ಅಧ್ಯಾಪಕರಿಗೆ ಈ ಕಡತವನ್ನು ಬರೆಯುವುದು ಕಷ್ಟವಾಗಲಾರದು. ಇಂದು ಅದನ್ನು ಬರೆಯುವವರು ಹೆಚ್ಚಾಗಿ ತಂತ್ರಜ್ಞರೇ. ಕನ್ನಡ ವಿಭಾಗದ ಪಾಲಿಗೆ ಬರುವುದು ಸಿದ್ಧವಾದ ಖಾಲಿ ಜಾಗಗಳನ್ನು ತುಂಬುವ ಕೆಲಸ.

ವಿವರಣೆ ಒಮ್ಮೆ ಬರೆದು ಮುಗಿಸುವಂಥದ್ದಲ್ಲ. ಕಲ್ಲಿನ ಮೂರು ಆಯಾಮದ ಪ್ರತಿ ದೊರೆತಾಗ ಅದರ ಕೊಂಡಿಗೆ ಹೊಸ ಪಟ್ಟಿ ಬೇಕಾಗುತ್ತದೆ. ಅದನ್ನು ಐಚ್ಛಿಕವೆಂದು ಸೇರಿಸಿ, ಇದ್ದ ಪಟ್ಟಿಗಳ ಹೆಸರನ್ನಾಗಲಿ ಅನುಕ್ರಮವನ್ನಾಗಲಿ ಕದಲಿಸದಿದ್ದರೆ, ಅಂತಹ ಪ್ರತಿ ಇಲ್ಲದ ಹಳೆಯ ದಾಖಲೆಗಳು ಹೊಸ ರಚನಾವಿಧಿಗೂ ಸರಿಹೊಂದುತ್ತವೆ. ಹೊಸ ಪಟ್ಟಿಯನ್ನು ಕಾಣಬೇಕೆನ್ನುವ ನಿಘಂಟುಕಾರನೋ ವಸ್ತುಸಂಗ್ರಹಾಲಯವೋ ಜನಕವನ್ನು ಮತ್ತೊಮ್ಮೆ ನಡೆಸಿಕೊಂಡರೆ ಸಾಕು. ಕೈಯಿಂದ ಬರೆದ ಕಡತವನ್ನು ಮುಟ್ಟಬೇಕಾಗಿಲ್ಲ.